ಹಾಲೋಗ್ರಾಮ್ ಸ್ಟಿಕ್ಕರ್ ಸಾಲದು, ಕಾರ್ಡಿನ ಒಡಲಲ್ಲೇ ಭದ್ರತೆ ಇರಲಿ

ಮಾನ್ಯ ಸಂಪಾದಕರೆ,

ದಾವಣಗೆರೆಯ ಸಂಘ-ಸಂಸ್ಥೆಗಳು, ಕಾಲೇಜುಗಳು, ಸಹಕಾರ ಸಂಘಗಳು ಗುರುತಿನ ಚೀಟಿ ಮಾಡಿಸಲು ಕರೆಯುವ ಕೊಟೇಶನ್‌ಗಳಲ್ಲಿ ಭದ್ರತೆಯ ಬಗ್ಗೆ ಇರುವುದು ಹೆಚ್ಚಾಗಿ ಒಂದೇ ಸಾಲು: ‘ಪಿವಿಸಿ ಕಾರ್ಡ್, ಬಣ್ಣದ ಮುದ್ರಣ, ಹಾಲೋಗ್ರಾಮ್ ಸಹಿತ’. ಇಷ್ಟರಿಂದ ನಕಲು ನಿಲ್ಲುವುದಿಲ್ಲ. ಕೊಟೇಶನ್ ಬರೆಯುವವರು ಮತ್ತು ಕೌಂಟರ್‌ನಲ್ಲಿ ಕೂತು ಕಾರ್ಡ್ ನೋಡುವವರು ಇಬ್ಬರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಿವಿಸಿ ಎಂಬ ಸಾಮಾನ್ಯ ಪ್ಲಾಸ್ಟಿಕ್ಕಿನ ಕಾರ್ಡಿನ ಪ್ರಿಂಟರ್ ರಿಬ್ಬನ್ನಿನ ಬಣ್ಣವನ್ನು ಶಾಖದಿಂದ ಕಾರ್ಡಿನ ಮೇಲ್ಮೈಗೆ ಇಳಿಸುತ್ತದೆ. ಫೋಟೊ, ಹೆಸರು, ಹುಟ್ಟಿದ ದಿನಾಂಕ ಎಲ್ಲವೂ ಕಾರ್ಡಿನ ಚರ್ಮದ ಮೇಲಷ್ಟೇ ಕೂತಿರುತ್ತವೆ. ಅದರ ಮೇಲೆ ಅಂಟಿಸುವ ರೆಡಿಮೇಡ್ ಹಾಲೋಗ್ರಾಮ್ ಮಾರುಕಟ್ಟೆಯಲ್ಲಿ ರೋಲ್ ಲೆಕ್ಕದಲ್ಲಿ ಸಿಗುತ್ತದೆ. ಕಾರ್ಡ್ ಹೊಂದಿರುವ ವ್ಯಕ್ತಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದೇ ಪ್ರಿಂಟರ್, ಅದೇ ಖಾಲಿ ಕಾರ್ಡ್, ಅದೇ ರೋಲ್ ನಕಲು ಮಾಡುವವನ ಕೈಗೂ ಎಟಕುತ್ತವೆ. ಅಂಗಡಿಗಳಲ್ಲಿ ಮುದ್ರಿಸಿಕೊಡುವ ಪಿವಿಸಿ ಆಧಾರ್ ಪ್ರತಿಗಳಲ್ಲಿ ಭದ್ರತಾ ಅಂಶಗಳಿರುವುದಿಲ್ಲ, ಅವನ್ನು ಬಳಸಬೇಡಿ ಎಂದು ಆಧಾರ್ ಪ್ರಾಧಿಕಾರ 2022ರ ಜನವರಿಯಲ್ಲೇ ಹೇಳಿತ್ತು.

ಕೋನ ಬದಲಾದರೆ ಬಣ್ಣ ಬದಲಿಸುವ ಶಾಯಿಯ ಕಥೆ ಬೇರೆ. ಈಗಿನ 500 ರೂಪಾಯಿ ನೋಟಿನ ಭದ್ರತಾ ದಾರವನ್ನು ಓರೆ ಮಾಡಿದರೆ ಹಸಿರು ನೀಲಿಯಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಇಂಥ ಶಾಯಿಯಲ್ಲಿರುವುದು ಸಾಮಾನ್ಯ ಬಣ್ಣದ ಪುಡಿಯಲ್ಲ, ಪದರ ಪದರವಾಗಿ ಕಟ್ಟಿದ ಸೂಕ್ಷ್ಮ ಚಕ್ಕೆಗಳು. ನಡುವೆ ಬೆಳಕನ್ನು ಹಿಂದಿರುಗಿಸುವ ಅಲ್ಯೂಮಿನಿಯಂ, ಅದರ ಎರಡೂ ಬದಿಗೆ ಕೆಲವು ನೂರು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ದಪ್ಪದ ಮೆಗ್ನೀಸಿಯಂ ಫ್ಲೋರೈಡ್, ಹೊರಗೆ ಅರೆಪಾರದರ್ಶಕ ಕ್ರೋಮಿಯಂ. ಮೇಲಿನ ಪದರದಿಂದಲೂ ಒಳಗಿನ ಪದರದಿಂದಲೂ ಮರಳಿದ ಬೆಳಕು ಒಂದಕ್ಕೊಂದು ಕೂಡಿ ಒಂದು ಬಣ್ಣ ಎದ್ದು ಕಾಣುತ್ತದೆ. ಓರೆಯಾಗಿ ನೋಡಿದಾಗ ಆ ಬಣ್ಣ ಕಡಿಮೆ ತರಂಗಾಂತರದ ಕಡೆಗೆ, ಅಂದರೆ ಹಸಿರಿನಿಂದ ನೀಲಿಯ ಕಡೆಗೆ, ಜರುಗುತ್ತದೆ. ಕಲರ್ ಝೆರಾಕ್ಸ್ ಯಂತ್ರ ನೋಡುವುದು ಒಂದೇ ಕೋನದಿಂದ. ಹಾಗಾಗಿ ಅದಕ್ಕೆ ಸಿಗುವುದೂ ಒಂದೇ ಬಣ್ಣ. ಮುತ್ತಿನ ಹೊಳಪಿನ ಅಗ್ಗದ ಪುಡಿ ಬಳಸಿ ಇದನ್ನು ಅನುಕರಿಸುವವರಿದ್ದಾರೆ. ಅದು ಓರೆ ಮಾಡಿದಾಗ ಮಿನುಗುತ್ತದೆ, ಆದರೆ ಎರಡು ಸ್ಪಷ್ಟ ಬಣ್ಣಗಳ ನಡುವೆ ಬದಲಾಗುವುದಿಲ್ಲ. ‘ಹೊಳೆಯುತ್ತದೆಯೇ’ ಎಂದು ನೋಡದೆ ‘ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಹೋಯಿತು’ ಎಂದು ನೋಡಬೇಕು.

ಚಕ್ಕೆಗಳು ದೊಡ್ಡವು, ಇಂಕ್‌ಜೆಟ್ ತೂತಿನಲ್ಲಿ ಹಾಯುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್‌ನಂತೆ ದಪ್ಪ ಪದರ ಹಾಕುವ ವಿಧಾನ ಬೇಕು. ಒಣಗುವಾಗ ಚಕ್ಕೆಗಳು ಚಪ್ಪಟೆಯಾಗಿ ಮಲಗಬೇಕು. ಅಡ್ಡಾದಿಡ್ಡಿ ನಿಂತರೆ ಅಸಲಿ ಶಾಯಿಯೂ ಮಂಕಾಗಿ ಕಂಡು, ಅಸಲಿ ಕಾರ್ಡನ್ನೇ ನಕಲಿ ಎಂದು ತಿರಸ್ಕರಿಸುವ ಪರಿಸ್ಥಿತಿ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ‘ಬಣ್ಣ ಬದಲಿಸುವ ಶಾಯಿ’ ಎಂದಷ್ಟೇ ಕೊಟೇಶನ್‌ನಲ್ಲಿ ಬರೆದರೆ ಸರಬರಾಜುದಾರರು ಬೆರಳಿನ ಬಿಸಿಗೆ ಬಣ್ಣ ಬಿಡುವ ಶಾಯಿ ಕೊಟ್ಟರೂ ನಿಯಮ ಪಾಲಿಸಿದಂತಾಗುತ್ತದೆ. ಆ ಬಗೆಯ ಶಾಯಿಗಳಲ್ಲಿ ತೀರಾ ಸಾಮಾನ್ಯವಾದದ್ದು ಸುಮಾರು 31 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡೀತು. ಏಪ್ರಿಲ್ ಬಿಸಿಲಿನ ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆಗಳಲ್ಲಿ ಜೇಬಿನಲ್ಲಿಟ್ಟ ಕಾರ್ಡು ಹಗಲೆಲ್ಲ ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ. ಗುರುತು ಕಾಣಿಸುವುದೇ ಇಲ್ಲ, ಉಜ್ಜಿ ನೋಡಿದರೆ ಬದಲಾಗಲು ಏನೂ ಉಳಿದಿರುವುದಿಲ್ಲ. ನೇರಳಾತೀತ ಕಿರಣ ಬಿದ್ದಾಗ ಬಣ್ಣ ಪಡೆಯುವ ಶಾಯಿಗಳೂ ಬಿಸಿಲಿಗೆ ಪದೇ ಪದೇ ಒಡ್ಡಿಕೊಂಡರೆ ದಣಿದು ಶಕ್ತಿ ಕಳೆದುಕೊಳ್ಳುತ್ತವೆ. ವರ್ಷಗಟ್ಟಲೆ ಬಾಳಬೇಕಾದ ಕಾರ್ಡಿಗೆ ಕೋನದಿಂದ ಬಣ್ಣ ಬದಲಿಸುವ ಶಾಯಿಯೇ ಸರಿ. ಅದನ್ನು ಹಾಗೆಯೇ ಬಿಡಿಸಿ ಬರೆಯಬೇಕು.

ಇನ್ನು ಲೇಸರ್‌ನಿಂದ ಕಾರ್ಡಿನ ಒಳಗೇ ಫೋಟೊ, ವಿವರ ಮೂಡಿಸುವ ವಿಧಾನ. ಇದಕ್ಕೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಾರ್ಡ್ ಬೇಕು. ಬಿಳಿ ತಿರುಳು, ಅದರ ಮೇಲೆ ಲೇಸರ್‌ಗೆ ಸ್ಪಂದಿಸುವ ಪದರ, ಮೇಲೆ ಪಾರದರ್ಶಕ ಹೊದಿಕೆ. ಇವನ್ನು ಅಂಟು ಹಾಕದೆ ಸುಮಾರು 180 ಡಿಗ್ರಿ ಶಾಖ ಮತ್ತು ಒತ್ತಡದಲ್ಲಿ ಬೆಸೆದರೆ ಪದರಗಳು ಒಂದೇ ಒಡಲಾಗುತ್ತವೆ. ಒಟ್ಟು ದಪ್ಪ 0.76 ಮಿಲಿಮೀಟರ್. 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ ಹೊದಿಕೆಯನ್ನು ದಾಟಿ ಒಳಪದರವನ್ನು ಕರಕಲು ಮಾಡುತ್ತದೆ. ಫೋಟೊ ಕಾರ್ಡಿನ ಒಳಗೇ ಬೂದು ಛಾಯೆಗಳಲ್ಲಿ ಮೂಡುತ್ತದೆ. ಒರೆಸಿ ಅಳಿಸಲು ಮೇಲೆ ಏನೂ ಇರುವುದಿಲ್ಲ. ಶಕ್ತಿ ಹೆಚ್ಚಾದರೆ ಒಳಗೆ ಅನಿಲ ತುಂಬಿ ಗುಳ್ಳೆ ಏಳುತ್ತದೆ, ಕಡಿಮೆಯಾದರೆ ಮುಖ ಪೇಲವ. ಆ ಉಬ್ಬನ್ನೇ ಹತೋಟಿಯಲ್ಲಿಟ್ಟು ಹುಟ್ಟಿದ ದಿನಾಂಕವನ್ನು ಉಗುರಿಗೆ ತಗಲುವಂತೆ ಎಬ್ಬಿಸುವುದೂ ಉಂಟು. ನಮ್ಮಲ್ಲಿ ಟ್ರೋಫಿ, ನಾಮಫಲಕ ಕೆತ್ತುವ ಲೇಸರ್ ಯಂತ್ರಗಳಿವೆ. ಅವುಗಳಲ್ಲಿ ಪಿವಿಸಿ ಕಾರ್ಡ್ ಸುಡುವ ಪ್ರಯತ್ನ ದಯವಿಟ್ಟು ಬೇಡ. ಪಿವಿಸಿಯ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆವಿಯಾಗಿ ಕೆಲಸಗಾರರ ಶ್ವಾಸಕ್ಕೂ ಯಂತ್ರದ ಲೆನ್ಸಿಗೂ ಹಾನಿ ಮಾಡುತ್ತದೆ.

ಎರಡನ್ನೂ ಜೋಡಿಸಿದಾಗ ನಿಜವಾದ ಬಲ ಬರುತ್ತದೆ. ಬಣ್ಣ ಬದಲಿಸುವ ಶಾಯಿಯ ಸಣ್ಣ ಪಟ್ಟಿಯಲ್ಲಿ ಲೇಸರ್‌ನಿಂದ ಆಯಾ ವ್ಯಕ್ತಿಯ ನೋಂದಣಿ ಸಂಖ್ಯೆಯನ್ನು ಕೊರೆದರೆ ಆ ಪಟ್ಟಿ ಇನ್ನೊಬ್ಬರ ಕಾರ್ಡಿಗೆ ಹೊಂದುವುದಿಲ್ಲ. ಮೇಲ್ಮೈಯಲ್ಲಿ ಸೂಕ್ಷ್ಮ ಮಸೂರದ ಗೆರೆಗಳನ್ನು ಒತ್ತಿ, ಎರಡು ಕೋನಗಳಿಂದ ಲೇಸರ್ ಹಾಯಿಸಿದರೆ ಒಂದೇ ಜಾಗದಲ್ಲಿ ಒಂದು ಕಡೆಯಿಂದ ಮುಖ, ಇನ್ನೊಂದು ಕಡೆಯಿಂದ ದಿನಾಂಕ ಕಾಣುತ್ತದೆ. ಕಾರ್ಡ್ ಹಿಡಿಯುವ ಅಚ್ಚು ಚೂರು ಸರಿದರೂ ಎರಡು ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ. ಇನ್ನೊಂದು ತಪ್ಪು ಆಗಾಗ ಆಗುವಂಥದ್ದು: ವಿನ್ಯಾಸಕಾರರು ಲಾಂಛನ ದೊಡ್ಡದಿರಲೆಂದು ಒಳಪದರದ ತುಂಬ ಗಟ್ಟಿಯಾಗಿ ಬಣ್ಣ ತುಂಬುತ್ತಾರೆ. ಶಾಯಿ ಇರುವೆಡೆ ಪಾಲಿಕಾರ್ಬೊನೇಟ್ ಪಾಲಿಕಾರ್ಬೊನೇಟಿಗೆ ಸರಿಯಾಗಿ ಬೆಸೆಯುವುದಿಲ್ಲ. ಕಾರ್ಡ್ ಬಾಗಿದಾಗ ಅಲ್ಲೇ ಪದರ ಬಿಡುತ್ತದೆ. ತೆಳು ಗೆರೆಗಳು, ನಡುವೆ ಸಾಕಷ್ಟು ಬಿಡುವು, ಪಾಲಿಕಾರ್ಬೊನೇಟಿಗೆ ಹೊಂದುವ ಶಾಯಿ ಇರಬೇಕು.

ಇದು ಪಿವಿಸಿಗಿಂತ ದುಬಾರಿ. ಶಾಲೆಯ ಮಕ್ಕಳ ಕೊರಳ ಕಾರ್ಡಿಗೆ ಬೇಕಿಲ್ಲ. ಹಣ, ಸೌಲಭ್ಯ ಅಥವಾ ಪರೀಕ್ಷಾ ಕೊಠಡಿಯ ಪ್ರವೇಶ ಕಾರ್ಡಿನ ಮೇಲೆ ನಿಂತಿರುವಲ್ಲಿ ಬೇಕು. ದುಡ್ಡಿಲ್ಲದಿದ್ದರೆ ಡಿಜಿಟಲ್ ಸಹಿ (ವಿವರ ತಿದ್ದಿದರೆ ಪತ್ತೆಯಾಗುವಂಥ ಗಣಕ ಮುದ್ರೆ) ಇರುವ ಕ್ಯೂಆರ್ ಕೋಡ್ ಆದರೂ ಇರಲಿ. ಆಧಾರ್‌ನ ಕ್ಯೂಆರ್‌ನಲ್ಲಿ ಫೋಟೊ ಸಮೇತ ವಿವರಗಳಿಗೆ ಸಹಿ ಇರುತ್ತದೆ, ಇಂಟರ್‌ನೆಟ್ ಇಲ್ಲದೆಯೂ ಪರಿಶೀಲಿಸಬಹುದು. ಸಾಮಾನ್ಯ ಸ್ಕ್ಯಾನರ್ ಆ್ಯಪ್‌ನಲ್ಲಿ ಅಂಕಿಗಳ ಉದ್ದ ಸಾಲಷ್ಟೇ ಬರುತ್ತದೆ. ಪ್ರಾಧಿಕಾರದ ಸ್ಕ್ಯಾನರ್ ಆ್ಯಪ್‌ನಲ್ಲೇ ನೋಡಿ, ಪರದೆಯ ಮುಖವನ್ನು ಎದುರಿಗಿರುವವರ ಮುಖದೊಂದಿಗೆ ಹೋಲಿಸಬೇಕು.

ಕೌಂಟರ್‌ಗೆ ಬೇಕಾದ ಸಲಕರಣೆ ಎರಡೇ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚ್. ಮೊದಲು ಕಾರ್ಡನ್ನು ಓರೆ ಮಾಡಿ ಬಣ್ಣ ನೋಡಿ. ಉಗುರಿನಿಂದ ದಿನಾಂಕ ಸವರಿ. ಗಾಜಿನಡಿ ಫೋಟೊ ನೋಡಿದರೆ ಇಂಕ್‌ಜೆಟ್ಟಿನದು ಬಣ್ಣ ಬಣ್ಣದ ಚುಕ್ಕೆಗಳ ಚದುರು, ಲೇಸರಿನದು ಬರೀ ಬೂದು-ಕಪ್ಪು. ಟಾರ್ಚ್ ಬಿಟ್ಟಾಗ ಸಾಧಾರಣ ಬಿಳಿ ಪ್ಲಾಸ್ಟಿಕ್ ನೀಲಿಯಾಗಿ ಹೊಳೆಯುತ್ತದೆ. ಭದ್ರತಾ ಕಾರ್ಡಿನ ತಳ ಮಂಕಾಗಿದ್ದು, ಉದ್ದೇಶಪೂರ್ವಕ ಮುದ್ರಣವಷ್ಟೇ ಬೆಳಗುತ್ತದೆ. ಹೋಲಿಸಲು ಒಂದು ಅಸಲಿ ಮಾದರಿ ಮೇಜಿನ ಮೇಲಿರಲಿ.

ಸುಳ್ಳು ದಾಖಲೆ ಕೊಟ್ಟು ಪಡೆದ ಅಸಲಿ ಕಾರ್ಡನ್ನು ಯಾವ ಶಾಯಿಯೂ ಹಿಡಿಯಲಾರದು. ಅದಕ್ಕೆ ನೋಂದಣಿಯ ಹಂತದ ಪರಿಶೀಲನೆಯೇ ಬೇಕು. ಹಾಗೆಯೇ ಖಾಲಿ ಕಾರ್ಡುಗಳು ಹೊರಗೆ ಸೋರಿದರೆ ಇಷ್ಟೆಲ್ಲ ಖರ್ಚೂ ವ್ಯರ್ಥ. ಪ್ರತಿ ಖಾಲಿ ಕಾರ್ಡಿಗೂ ತಯಾರಿಕೆಯಲ್ಲೇ ಕ್ರಮಸಂಖ್ಯೆ ಬೀಳಲಿ. ಬಂದದ್ದು, ಮುದ್ರಿಸಿದ್ದು, ಕೆಟ್ಟದ್ದು, ಉಳಿದದ್ದು ದಿನವೂ ತಾಳೆಯಾಗಲಿ. ಕೆಟ್ಟ ಕಾರ್ಡುಗಳನ್ನು ಕಸಕ್ಕೆ ಎಸೆಯದೆ ಇಬ್ಬರ ಸಹಿಯೊಂದಿಗೆ ಪುಡಿ ಮಾಡುವ ಷರತ್ತನ್ನು ಕೊಟೇಶನ್‌ನಲ್ಲೇ ಸೇರಿಸಬೇಕೆಂದು ಜಿಲ್ಲೆಯ ಸಂಸ್ಥೆಗಳ ಮುಖ್ಯಸ್ಥರನ್ನು ಕೋರುತ್ತೇನೆ.

– ಮುದ್ರಣ ತಂತ್ರಜ್ಞ, ವಿದ್ಯಾನಗರ, ದಾವಣಗೆರೆ