ಬ್ರೇಕ್ ಮತ್ತೆ ಸರಿಹೋಯಿತು ಅಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ಅಕ್ಕ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದಲ್ಲಿ ಒಂದು ಸಾಲಿತ್ತು. ಬೆಟ್ಟ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಯಿತು, ಏನೋ ಸುಟ್ಟ ವಾಸನೆ ಬಂತು, ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ಮತ್ತೆ ಸರಿಹೋಯಿತು ಅಂತ. ಅದರ ಮುಂದೆಯೇ ಮೋಡ, ಮಂಜು, ಫೋಟೋ ಅಂತ ಖುಷಿಯಾಗಿ ಬರೆದಿದ್ದೀಯ. ನನಗೆ ಮಾತ್ರ ಆ ಸಾಲು ದಾಟಿ ಮುಂದೆ ಓದಲು ಆಗಲಿಲ್ಲ.

ಪೂರ್ತಿ ಕೆಟ್ಟಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಆಗ ನೀನು ಗಾಡಿಯನ್ನು ಅಲ್ಲೇ ಬಿಟ್ಟು ಮೆಕ್ಯಾನಿಕ್‌ನನ್ನು ಕರೆಸುತ್ತಿದ್ದೆ. ಸರಿಹೋಯಿತು ಅಂತ ಅದೇ ಗಾಡಿಯಲ್ಲಿ ದಿನಾ ಓಡಾಡುತ್ತಿದ್ದೀಯ, ಅಲ್ವಾ?

ಅದು ಸರಿಹೋಗಿಲ್ಲ ಪುಟ್ಟಿ, ತಣ್ಣಗಾಗಿದೆ ಅಷ್ಟೆ. ನೀನು ಪೆಡಲ್ ತುಳಿದರೆ ಆ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವುದು ಬ್ರೇಕ್ ಆಯಿಲ್. ಅದು ಗಾಳಿಯಲ್ಲಿರುವ ತೇವವನ್ನು ದಿನದಿನಕ್ಕೂ ಹೀರುತ್ತಾ ಇರುತ್ತದೆ. ಡಾಟ್ 4 ಅನ್ನುವ ಆಯಿಲ್ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಅದೇ ಆಯಿಲ್ 155ರ ಆಸುಪಾಸಿನಲ್ಲೇ ಕುದಿಯಬಹುದು. ಉದ್ದ ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಚಕ್ರದ ಜೊತೆ ತಿರುಗುವ ಡಿಸ್ಕ್, ಅದನ್ನು ಒತ್ತಿ ಹಿಡಿಯುವ ಪ್ಯಾಡ್ ಎರಡೂ ಅದಕ್ಕಿಂತ ಜಾಸ್ತಿ ಕಾಯುತ್ತವೆ, ಆ ಬಿಸಿ ಆಯಿಲ್‌ಗೂ ಹತ್ತುತ್ತದೆ. ಕುದಿದಲ್ಲೆಲ್ಲ ಆವಿಯ ಗುಳ್ಳೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ಕೆಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆರಿದ ಮೇಲೆ ಆವಿ ಮತ್ತೆ ಆಯಿಲ್ ಜೊತೆ ಸೇರಿ ಪೆಡಲ್ ಗಟ್ಟಿಯಾಗುತ್ತದೆ, ನಾವು ಏನೂ ಆಗಲಿಲ್ಲ ಅಂದುಕೊಳ್ಳುತ್ತೇವೆ. ಮುಂದಿನ ಇಳಿಜಾರಿಗೂ ಅದೇ ಹಳೇ ಆಯಿಲ್.

ನಾನು ಲಾರಿ ಓಡಿಸುತ್ತಿದ್ದಾಗ ಒಬ್ಬ ಗೆಳೆಯನಿದ್ದ. ಅವನ ಬಗ್ಗೆ ಮನೆಯಲ್ಲಿ ನಾನು ಜಾಸ್ತಿ ಹೇಳಿಲ್ಲ. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಬೆಟ್ಟ ಇಳಿಸುತ್ತಿದ್ದ. ಲಾರಿಯದು ಗಾಳಿ ಬ್ರೇಕ್, ಆಯಿಲ್ ಬದಲು ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವಂಥದ್ದು, ಆದರೂ ಕಾದರೆ ಹಿಡಿತ ತಪ್ಪುವುದು ಅಲ್ಲೂ ಉಂಟು. ಬ್ರೇಕ್ ಸ್ವಲ್ಪ ಕೈಕೊಟ್ಟಿತ್ತು, ಆಮೇಲೆ ಸರಿಹೋಯಿತು ಅಂತ ಅವನೂ ನಿನ್ನ ಹಾಗೇ ಹೇಳುತ್ತಿದ್ದ. ಕೊನೆಗೆ ಒಂದು ತಿರುವಿನಲ್ಲಿ ಲಾರಿ ನಿಲ್ಲಲೇ ಇಲ್ಲ. ಜೀವ ಉಳಿಯಿತು, ಒಂದು ಕಾಲು ಹೋಯಿತು. ನಿನ್ನ ಸಾಲು ಓದಿದಾಗಿನಿಂದ ಅವನ ಧ್ವನಿಯೇ ಕಿವಿಯಲ್ಲಿದೆ.

ನೀನು ಡ್ರೈವಿಂಗ್ ಕಲಿಯುವ ಹೊತ್ತಿಗೆ ನನ್ನ ಕಣ್ಣು ಮಂಜಾಗಿತ್ತು. ನಿನ್ನ ಪಕ್ಕ ಕೂತು ಒಂದು ಬೆಟ್ಟವನ್ನಾದರೂ ಇಳಿಸಿ ತೋರಿಸಬೇಕು ಅಂತ ಆಸೆಯಿತ್ತು. ಆಗಲೇ ಇಲ್ಲ. ಕಲಿಸುವವರು ಸಮತಟ್ಟು ರಸ್ತೆಯಲ್ಲೇ ಕಲಿಸಿ ಲೈಸೆನ್ಸ್ ಕೊಡಿಸಿಬಿಡುತ್ತಾರೆ. ಆ ಕೊರಗು ಈಗ ಜಾಸ್ತಿಯಾಗಿದೆ.

ಪತ್ರದಲ್ಲಿ ಎಷ್ಟು ಹೇಳಲು ಆಗುತ್ತದೋ ಗೊತ್ತಿಲ್ಲ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೋ ಮೂರನೇ ಗೇರಿಗೋ ಬಾ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನಿನ್ನದು ಆಟೋಮ್ಯಾಟಿಕ್ ಅಂತ ನೆನಪು, ಅದರಲ್ಲೂ ಗೇರ್ ಇಳಿಸುವ ದಾರಿ ಇರುತ್ತದೆ, ಗಾಡಿಯ ಜೊತೆ ಬಂದ ಪುಸ್ತಕ ನೋಡು. ಬ್ರೇಕನ್ನು ಸುಮ್ನೆ ಒತ್ತಿಕೊಂಡೇ ಇರಬೇಡ. ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಕಾಲು ತೆಗೆದುಬಿಡು.

ಇನ್ನೊಮ್ಮೆ ಪೆಡಲ್ ಕೆಳಗೆ ಹೋದರೆ (ಬರೆಯಲೂ ಮನಸ್ಸಿಲ್ಲ) ಪಟಪಟನೆ ತುಳಿ, ಕಾಲೆತ್ತು, ಮತ್ತೆ ತುಳಿ, ಮತ್ತೆ ಕಾಲೆತ್ತು. ಗೇರ್ ಇಳಿಸುತ್ತಾ ಬಾ. ಹ್ಯಾಂಡ್‌ಬ್ರೇಕನ್ನು ನಿಧಾನಕ್ಕೆ ಎಳೆ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ. ಗಾಡಿ ಓಡುತ್ತಿರುವಾಗ ಎಂಜಿನ್ ಆಫ್ ಮಾಡಬೇಡ, ಸ್ಟೇರಿಂಗ್ ಬಿಗಿಯಾಗುತ್ತದೆ, ಕೀ ತೆಗೆದರೆ ಲಾಕ್ ಕೂಡ ಆಗಬಹುದು.

ಉಳಿದದ್ದು ನಿನಗೆ ಗೊತ್ತಿರುತ್ತದೆ, ಬೇಜಾರಾಗಬೇಡ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ದಾಟಿರುತ್ತೀಯ, ಕಾಲು ಇನ್ನೂ ಬ್ರೇಕಿಗೆ ಹೋಗಿರುವುದಿಲ್ಲ. ಮುಂದಿನ ಗಾಡಿಗೂ ನಿನಗೂ ಎರಡು ಸೆಕೆಂಡಿನ ಅಂತರವಾದರೂ ಇರಲಿ, ಮಳೆಯಲ್ಲಿ ನಾಲ್ಕು. ಗಟ್ಟಿಯಾಗಿ ಒತ್ತಿದಾಗ ಎಬಿಎಸ್ (ಚಕ್ರ ಕಚ್ಚಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಕಾಲಿಗೆ ಗಡಗಡ ಅನ್ನಿಸಿದರೆ ಹೆದರಿ ಕಾಲು ತೆಗೆಯಬೇಡ. ನೀರಿನ ಬಾಟಲಿಯನ್ನು ಸೀಟಿನ ಕೆಳಗೆ ಇಡುತ್ತೀಯಲ್ಲ, ಅದು ಉರುಳಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಎಷ್ಟು ಒಳ್ಳೆಯ ಬ್ರೇಕ್ ಇದ್ದರೂ ಒತ್ತಲು ಆಗುವುದಿಲ್ಲ.

ಮತ್ತೆ ಅಲ್ಲಿಗೇ ಬರುತ್ತೇನೆ, ಕ್ಷಮಿಸು. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ, ಡಬ್ಬಿಯಲ್ಲಿ ತುಂಬಿದೆ ಅಂದರೆ ಚೆನ್ನಾಗಿದೆ ಅಂತಲ್ಲ. ಗ್ಯಾರೇಜಿನಲ್ಲಿ ಬ್ರೇಕ್ ನೋಡಿ ಅಂತಷ್ಟೇ ಹೇಳಬೇಡ. ತಣ್ಣಗಿರುವ ಗಾಡಿಯ ಪೆಡಲ್ ಒತ್ತಿ ನೋಡಿ ಎಲ್ಲ ಸರಿ ಇದೆ ಮೇಡಂ ಅಂತ ಕಳಿಸಿಬಿಡುತ್ತಾರೆ. ಇಳಿಜಾರಿನಲ್ಲಿ ಮೆತ್ತಗಾಯಿತು, ಸುಟ್ಟ ವಾಸನೆ ಬಂತು, ಆರಿದ ಮೇಲೆ ಗಟ್ಟಿಯಾಯಿತು ಅಂತ ಪೂರ್ತಿ ಹೇಳು. ಆಯಿಲ್ ಬದಲಿಸಿ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲಿ, ಪ್ಯಾಡ್ ಬಿಚ್ಚಿ ನೋಡಲಿ, ಎಲ್ಲಾದರೂ ಸೋರುತ್ತಿದೆಯಾ ಅಂತಲೂ ನೋಡಲಿ. ಅಲ್ಲಿಯವರೆಗೆ ಬಸ್ಸಿನಲ್ಲಿ ಓಡಾಡು.

ಕೆಲಸ ಮುಗಿದ ಕೂಡಲೇ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ ಮಾವ