ನಿದ್ದೆಯಲ್ಲಿ ನಿಲ್ಲುವ ಉಸಿರು: ‘ವಂಶದ ದೋಷ’ ಎನ್ನುವ ಮುನ್ನ

ಮಾನ್ಯ ಸಂಪಾದಕರೇ,

ನಿದ್ದೆಗೆ ಜಾರಿದೊಡನೆ ಉಸಿರಾಟ ಕುಂದುವ ಶಿಶುಗಳ ಬಗ್ಗೆ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಕಂಜೆನಿಟಲ್ ಸೆಂಟ್ರಲ್ ಹೈಪೊವೆಂಟಿಲೇಷನ್ ಸಿಂಡ್ರೋಮ್ ಎಂಬ ಇಷ್ಟು ವಿರಳವಾದ ಕಾಯಿಲೆಗೆ ಜಾಗ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ಅದರಲ್ಲಿ ಬಳಕೆಯಾಗಿರುವ ‘ಉಸಿರಾಟದ ಜೀನ್’ ಮತ್ತು ‘ವಂಶಪಾರಂಪರ್ಯ ದೋಷ’ ಎಂಬ ಎರಡು ಮಾತುಗಳೂ ಸರಿಯಲ್ಲ. ಮೊದಲನೆಯದು ವಿಜ್ಞಾನವನ್ನು ತಪ್ಪಾಗಿ ಹೇಳುತ್ತದೆ, ಎರಡನೆಯದು ಮನೆಯೊಳಗೆ ಜಗಳ ಹಚ್ಚುತ್ತದೆ.

ಕಾಯಿಲೆಗೆ ಕಾರಣವೆಂದು ಲೇಖನದಲ್ಲಿ ಹೇಳಿರುವ ಫಾಕ್ಸ್2ಬಿ (PHOX2B) ಜೀನ್ ಯಾರನ್ನೂ ಉಸಿರಾಡಿಸುವುದಿಲ್ಲ. ಅದರಿಂದ ತಯಾರಾಗುವ ಪ್ರೊಟೀನು ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಎಂದರೆ ಡಿಎನ್‌ಎಯ ಗೊತ್ತಾದ ತಾಣಗಳಿಗೆ ಅಂಟಿಕೊಂಡು, ಬೇರೆ ಜೀನ್‌ಗಳಲ್ಲಿ ಯಾವುದು ಯಾವಾಗ ಕೆಲಸಕ್ಕಿಳಿಯಬೇಕು, ಯಾವುದು ಸುಮ್ಮನಿರಬೇಕು ಎಂದು ನಿರ್ಧರಿಸುವಂಥದ್ದು. ತಾನು ಇಟ್ಟಿಗೆ ಹೊರದೆ, ಗಾರೆ ಕಲಸದೆ, ಆಳುಗಳನ್ನು ಗೋಡೆಗೊಬ್ಬರಂತೆ ನಿಲ್ಲಿಸುವ ಮೇಸ್ತ್ರಿಯ ಕೆಲಸ ಅದರದು. ಈ ಮೇಸ್ತ್ರಿ ಹೆಚ್ಚಾಗಿ ದುಡಿಯುವುದು ಭ್ರೂಣಾವಸ್ಥೆಯಲ್ಲಿ. ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ಈ ಜೀನಿನ ಎರಡೂ ಪ್ರತಿಗಳನ್ನು ನಿಷ್ಕ್ರಿಯಗೊಳಿಸಿದಾಗ, ಹೃದಯ, ಕರುಳು ಮುಂತಾದವನ್ನು ನಮ್ಮ ಅರಿವಿಗೆ ಬಾರದಂತೆ ನಡೆಸುವ ಸ್ವಯಂನಿಯಂತ್ರಿತ ನರವ್ಯೂಹದ ನರಗಂಟುಗಳು ರೂಪುಗೊಳ್ಳಲೇ ಇಲ್ಲ ಎಂಬುದು 1999ರಲ್ಲಿ ಪ್ರಕಟವಾಯಿತು. ಆದ್ದರಿಂದಲೇ ಈ ಕಾಯಿಲೆಯ ಕೆಲವು ಮಕ್ಕಳಲ್ಲಿ ಉಸಿರಿನ ತೊಂದರೆಯ ಜೊತೆಗೆ ಕರುಳಿನ ಕೊನೆಯ ಭಾಗಕ್ಕೆ ನರಗಳಿಲ್ಲದೆ ಮಲ ಕಟ್ಟಿಕೊಳ್ಳುವುದು, ಬೆಳಕಿಗೆ ಪಾಪೆ ಸರಿಯಾಗಿ ಕಿರಿದಾಗದಿರುವುದು, ಹೃದಯದ ಬಡಿತ ನಡುನಡುವೆ ನಿಲ್ಲುವುದು ಕಂಡುಬರುತ್ತದೆ. ‘ಉಸಿರಾಟದ ಜೀನ್’ ಎಂದುಕೊಂಡ ಓದುಗನಿಗೆ ಮಗುವಿನ ಹೊಟ್ಟೆಯುಬ್ಬರಕ್ಕೂ ಇದಕ್ಕೂ ಸಂಬಂಧವಿದೆಯೆಂದು ಹೊಳೆಯುವುದಾದರೂ ಹೇಗೆ? ಹಾಗೆಂದು ಪತ್ರಿಕೆಯೊಂದನ್ನೇ ದೂರಲಾರೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಹಣ್ಣುನೊಣದ ಇಂಥದೇ ಒಂದು ಜೀನನ್ನು ‘ಕಣ್ಣಿನ ಜೀನ್’ ಎಂದು ಕರೆದು ಮುಗಿಸಿದವನು ನಾನೂ ಹೌದು.

ಉಸಿರಿನ ತೊಂದರೆ ನಿದ್ದೆಯಲ್ಲೇ ಏಕೆ ಹೆಚ್ಚು ಎಂಬುದನ್ನು ಲೇಖನ ವಿವರಿಸಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಅದನ್ನು ಗುರುತಿಸಿ ಉಸಿರಾಟವನ್ನು ಚುರುಕುಗೊಳಿಸುವ ನರಕೋಶಗಳ ಒಂದು ಪುಟ್ಟ ಗುಂಪು ಮೆದುಳಿನ ಬುಡದಲ್ಲಿದೆ, ಅವು ಹುಟ್ಟುವುದಕ್ಕೂ ಫಾಕ್ಸ್2ಬಿ ಬೇಕು. ರೋಗಿಗಳ ಈ ಜೀನಿನಲ್ಲಿ ಕಾಣುವ ಮಾರ್ಪಾಟನ್ನೇ ಇಲಿಗಳಲ್ಲಿ ತಂದಾಗ ಈ ಗುಂಪು ಬೆಳೆಯಲಿಲ್ಲ. ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಉಸಿರಾಡಲಾರದೆ ಸತ್ತವು. ಎಚ್ಚರವಿದ್ದಾಗ ಮೆದುಳಿನ ಬೇರೆ ಭಾಗಗಳ ಪ್ರೇರಣೆಯಿಂದ ಉಸಿರಾಟ ಹೇಗೋ ಸಾಗುತ್ತದೆ, ಗಾಢ ನಿದ್ದೆಯಲ್ಲಿ ಆ ಆಸರೆಯೂ ತಪ್ಪುತ್ತದೆ. ಇನ್ನೊಂದು ಅಪಾಯವೂ ಇದೆ. ಈ ಮಕ್ಕಳಿಗೆ ಉಸಿರು ಕಟ್ಟಿದ ಸಂಕಟವೇ ತಿಳಿಯುವುದಿಲ್ಲವಾದ್ದರಿಂದ, ನ್ಯುಮೋನಿಯಾ ಬಂದರೂ ಏದುಸಿರು ಬಿಡದೆ ಸುಮ್ಮನೆ ಮಲಗಿರಬಹುದು. ನೀರಿನಲ್ಲಿ ಮುಳುಗಿ ಆಡುವಾಗ ಮೇಲೆ ಬರಬೇಕೆಂದು ಅನ್ನಿಸದೆಯೂ ಇರಬಹುದು.

ಇನ್ನು ‘ವಂಶಪಾರಂಪರ್ಯ’ದ ಮಾತು. ಈ ಪ್ರೊಟೀನಿನಲ್ಲಿ ಅಲನೈನ್ ಎಂಬ ಅಮೈನೊ ಆಮ್ಲ (ಪ್ರೊಟೀನನ್ನು ಕಟ್ಟುವ ಬಿಡಿ ಘಟಕ) ಒಂದೆಡೆ ಸಾಲಾಗಿ 20 ಬಾರಿ ಬರುತ್ತದೆ. ಬಹುಪಾಲು ರೋಗಿಗಳಲ್ಲಿ ಜೀನಿನ ಎರಡು ಪ್ರತಿಗಳ ಪೈಕಿ ಒಂದರಲ್ಲಿ ಆ ಸಾಲು 24ರಿಂದ 33ರವರೆಗೆ ಉದ್ದವಾಗಿರುತ್ತದೆ; ಸಾಲು ಉದ್ದವಾದಷ್ಟೂ ಸಾಮಾನ್ಯವಾಗಿ ಕಾಯಿಲೆಯೂ ತೀವ್ರ. ಈ ಕಾಯಿಲೆಗೂ ಈ ಜೀನಿಗೂ ಇರುವ ನಂಟನ್ನು ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯ ತಂಡ 2003ರಲ್ಲಿ ತೋರಿಸಿಕೊಟ್ಟಿತು. ಇಂಥ ಮಾರ್ಪಾಟು ಬಹುತೇಕ ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿಕೊಂಡದ್ದು. ತಂದೆತಾಯಿಯರ ರಕ್ತದಲ್ಲಿ ಅದು ಕಾಣುವುದು ಅಪರೂಪ. ನಮ್ಮಲ್ಲಿ ಮಗುವಿಗೆ ಏನೇ ಆದರೂ ‘ಯಾರ ಕಡೆಯಿಂದ ಬಂತು’ ಎಂಬ ಪ್ರಶ್ನೆ ಮೊದಲು ಏಳುತ್ತದೆ, ಉತ್ತರ ಸಾಮಾನ್ಯವಾಗಿ ಸೊಸೆಯ ತವರಿನ ಕಡೆಗೇ ತಿರುಗುತ್ತದೆ. ಸೋದರಮಾವನನ್ನು ಮದುವೆಯಾದ ಹೆಣ್ಣುಮಗಳಾದರಂತೂ ಕಾರಣ ಹುಡುಕುವ ಶ್ರಮವೂ ಬೇಡ. ಆದರೆ ರಕ್ತಸಂಬಂಧದ ಮದುವೆಯಿಂದ ಹೆಚ್ಚುವುದು ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಬರುವ ಕಾಯಿಲೆಗಳು. ಇಲ್ಲಿ ಒಂದೇ ಪ್ರತಿ ಸಾಕಾದ್ದರಿಂದ ಆ ಮದುವೆಗೂ ಇದಕ್ಕೂ ಸಂಬಂಧ ಕಲ್ಪಿಸಲು ಆಧಾರವಿಲ್ಲ. ಆದರೂ ಮಾರ್ಪಾಟು ತಂದೆಯ ಅಥವಾ ತಾಯಿಯ ಕೆಲವೇ ಜೀವಕೋಶಗಳಲ್ಲಿ ಅಡಗಿರುವ ಸಂದರ್ಭಗಳು ಉಂಟು, ಹೀಗಾಗಿ ಮುಂದಿನ ಬಸಿರಿಗೆ ಮುನ್ನ ಇಬ್ಬರೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಕಾಯಿಲೆಯುಳ್ಳ ಮಗು ಬೆಳೆದು ದೊಡ್ಡದಾದಾಗ ತನ್ನ ಮಕ್ಕಳಿಗೆ ಅದನ್ನು ದಾಟಿಸುವ ಸಾಧ್ಯತೆ ಅರ್ಧಕ್ಕರ್ಧ.

ಕಾಯಿಲೆಯನ್ನು ಗುಣಪಡಿಸುವ ಔಷಧಿ ಇಲ್ಲವೆಂದು ಲೇಖನ ಹೇಳಿರುವುದು ನಿಜ. ಆದರೆ ಮಲಗುವಾಗ ವೆಂಟಿಲೇಟರ್ ನೆರವು ಪಡೆಯುತ್ತ ಶಾಲೆ, ಕಾಲೇಜು ಮುಗಿಸಿ ದುಡಿಯುತ್ತಿರುವವರೂ ಇದ್ದಾರೆ ಎಂಬ ಸಾಲನ್ನು ಅದರ ಪಕ್ಕದಲ್ಲೇ ಸೇರಿಸಬೇಕಿತ್ತು. ಅಲನೈನ್ ಸಾಲು 24 ಅಥವಾ 25 ಇರುವ ಕೆಲವರಲ್ಲಿ ಕಾಯಿಲೆ ವರ್ಷಗಟ್ಟಲೆ ಮರೆಯಲ್ಲಿದ್ದು, ಶಸ್ತ್ರಚಿಕಿತ್ಸೆಯ ಅರಿವಳಿಕೆಯ ನಂತರವೇ ಹೊರಬೀಳುವುದೂ ಉಂಟು. ಶಿಶುವಿನ ತಂದೆತಾಯಿಯರು ಒಂದನ್ನು ನೆನಪಿಡಬೇಕು: ಹಲವು ಜೀನ್‌ಗಳನ್ನು ಒಟ್ಟಿಗೆ ಓದುವ ಪರೀಕ್ಷೆಗಳಲ್ಲಿ ಈ ಸಾಲಿನ ಉದ್ದದ ವ್ಯತ್ಯಾಸ ಕಣ್ತಪ್ಪಿ ಹೋಗಬಹುದು. ಅನುಮಾನವಿದ್ದರೆ ಫಾಕ್ಸ್2ಬಿಯ ಹೆಸರು ಹೇಳಿಯೇ ರಕ್ತಪರೀಕ್ಷೆ ಮಾಡಿಸುವಂತೆ ವೈದ್ಯರನ್ನು ಕೇಳಬೇಕು.

ಇತಿ,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ, ಶಿವಮೊಗ್ಗ