ಚಟ ಬಿಡಿಸಲು ದಾರಿ ಹುಡುಕುತ್ತಿರುವ ಮನೆಯವರಿಗೆ

ಎಲ್ಲರಿಗೂ ನಮಸ್ಕಾರ. "ಮನಸ್ಸು ಗಟ್ಟಿ ಮಾಡ್ಕೋ, ಇವತ್ತೇ ಬಿಟ್ಟುಬಿಡು" ಅಂತ ದಯವಿಟ್ಟು ಯಾರನ್ನೂ ಒತ್ತಾಯಿಸಬೇಡಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮೊದಲು ಕೈ ನಡುಗುತ್ತದೆ, ಲೋಟದ ನೀರು ಅರ್ಧ ಅಂಗಿ ಮೇಲೆ ಚೆಲ್ಲುತ್ತದೆ. ಆಮೇಲೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ನಿದ್ರೆ ಮಾತ್ರೆಯ ಚಟಕ್ಕೂ ಇದೇ ಮಾತು. ಡಾಕ್ಟರ್ ಕಣ್ಣೆದುರೇ ಬಿಡಿಸಿ.

ಚಿಕಿತ್ಸಾ ಕೇಂದ್ರಕ್ಕೆ ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ರಾತ್ರಿ ತೊಂದರೆಯಾದರೆ ಯಾರು ನೋಡುತ್ತಾರೆ? ಮನೆಯವರು ಬಂದು ಮಾತಾಡಬಹುದಾ? ಕೇಳಿ. ಹೊಡೆಯುವುದು, ಕಟ್ಟಿಹಾಕುವುದು ಚಿಕಿತ್ಸೆಯೇ ಅಲ್ಲ. "ನೂರಕ್ಕೆ ನೂರು ಗ್ಯಾರಂಟಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಹೆರಾಯಿನ್‌ನಂಥ ಚಟಕ್ಕೆ ಡಾಕ್ಟರು ಬುಪ್ರೆನಾರ್ಫಿನ್, ಮೆಥಡೋನ್ ಅನ್ನೋ ಅದೇ ಬಗೆಯ ಔಷಧ ಕೊಡುತ್ತಾರೆ. ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು ಅಂತ ಅಂದುಕೊಳ್ಳಬೇಡಿ, ಈ ಔಷಧಗಳು ಸಾವು ತಪ್ಪಿಸಿವೆ. ಇನ್ನೊಂದು ಮಾತು: ಹೆರಾಯಿನ್ ಕೆಲವು ವಾರ ಬಿಟ್ಟವರ ದೇಹ ಅದರ ಹಳೇ ಡೋಸ್ ತಡೆಯುವುದಿಲ್ಲ. ಮತ್ತೆ ಅಷ್ಟೇ ತಗೊಂಡರೆ ಉಸಿರೇ ನಿಲ್ಲಬಹುದು. ಹಾಗಾಗಿ ಮನೆಗೆ ಬಂದ ಮೊದಲ ದಿನಗಳಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ. ಮತ್ತೆ ಜಾರಿದರೂ ಬೈದು ದೂರ ಮಾಡಬೇಡಿ, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ಈ ಗುಂಪಿನಲ್ಲಿ ಯಾರ ಹೆಸರನ್ನೂ, ಫೋಟೋವನ್ನೂ ಹಾಕಬೇಡಿ. ಸಂಕೋಚವಾದರೆ ನನಗೊಬ್ಬರಿಗೇ ಬರೆಯಿರಿ.